ಜಿದ್ದಾ ಐದೂವರೆ ಗಂಟೆಯ ದಾರಿಯಲ್ಲ

ದಾದಿ ಉಮ್ರಾಗೆ ಹೋಗುವ ಮಾತು ಎದ್ದಾಗಿನಿಂದ ಹೊಸದುರ್ಗದ ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಲೆಕ್ಕ: "ಬೆಂಗಳೂರಿಂದ ಜಿದ್ದಾ ಬರೀ ಐದೂವರೆ ಗಂಟೆ." ಮೊಬೈಲ್ ಕೂಡ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ. ಎಪ್ಪತ್ತು ದಾಟಿದವರನ್ನು ಕರೆದೊಯ್ಯುವಾಗ ಈ ಲೆಕ್ಕ ನಂಬಬಾರದು ಎಂಬುದು ನನ್ನ ವಾದ.

ಎರಡು ನಿಲ್ದಾಣಗಳ ನಡುವೆ ಭೂಮಿಯ ಮೇಲೆ ಅತಿ ಹತ್ತಿರದ ಗೆರೆ ಎಳೆದರೆ ಸುಮಾರು 4,200 ಕಿ.ಮೀ. ಗಂಟೆಗೆ 850 ಕಿ.ಮೀ. ವೇಗದಿಂದ ಭಾಗಿಸಿದರೆ ಐದು ಗಂಟೆಯೂ ಆಗುವುದಿಲ್ಲ. ಆದರೆ ವಿಮಾನ ಸರಿಯಾಗಿ ಆ ಗೆರೆಯ ಮೇಲೇ ಹಾರುವುದಿಲ್ಲ. ಏರುವಾಗ, ಇಳಿಯುವಾಗ ವೇಗ ಕಡಿಮೆ. ಚಳಿಗಾಲದಲ್ಲಿ ಪಶ್ಚಿಮದಿಂದ ಬೀಸುವ ಮೇಲ್ಗಾಳಿ ಎದುರಾಗುತ್ತದೆ. ವಾಪಸ್ ಬರುವಾಗ ಅದೇ ಗಾಳಿ ಹಿಂದಿನಿಂದ ತಳ್ಳುತ್ತದೆ.

ಟಿಕೆಟ್ ನೋಡಿದರೆ ಮಾತ್ರ ಎಲ್ಲವೂ ತಲೆಕೆಳಗು. ಬೆಳಿಗ್ಗೆ 10ಕ್ಕೆ ಹೊರಟವರು ಮಧ್ಯಾಹ್ನ 1.15ಕ್ಕೆ ಇಳಿದಂತೆ ಕಾಣುತ್ತದೆ. ಸೌದಿ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಕೂತದ್ದು ಮೂರೂಕಾಲು ಗಂಟೆಯಲ್ಲ, ಐದೂಮುಕ್ಕಾಲು.

ಈಗ ನೆಲದ ಲೆಕ್ಕ. 10ರ ವಿಮಾನಕ್ಕೆ 6ಕ್ಕಾದರೂ ದೇವನಹಳ್ಳಿಯಲ್ಲಿರಬೇಕು. ಹೊಸದುರ್ಗದಿಂದ ಹಿರಿಯೂರು, ತುಮಕೂರು, ದಾಬಸ್‌ಪೇಟೆ ಎಂದು ಇನ್ನೂರಕ್ಕೂ ಹೆಚ್ಚು ಕಿ.ಮೀ.; ರಾತ್ರಿ ಒಂದಕ್ಕೇ ಮನೆ ಬಿಡಬೇಕು. ಹೊಳಲ್ಕೆರೆಯವರ ಪಾಡೂ ಅದೇ, ಹಿರಿಯೂರಿನವರಿಗೆ ಕೊಂಚ ವಾಸಿ. ಜಿದ್ದಾದಲ್ಲಿ ತಪಾಸಣೆ, ಸಾಮಾನು, ಆಮೇಲೆ ಮಕ್ಕಾಕ್ಕೆ ಬಸ್ಸು. ಮಲಗಲು ಹಾಸಿಗೆ ಸಿಗುವ ಹೊತ್ತಿಗೆ ಹದಿನೆಂಟು ಗಂಟೆ ದಾಟಿರುತ್ತದೆ. ವಿಮಾನದ್ದು ಅದರಲ್ಲಿ ಮೂರನೇ ಒಂದು ಪಾಲು. ನಡುವೆ ಕೊಲ್ಲಿಯ ಯಾವುದೋ ಊರಿನಲ್ಲಿ ವಿಮಾನ ಬದಲಿಸುವ ಅಗ್ಗದ ಟಿಕೆಟ್ ಆದರೆ ಕೇಳಲೇಬೇಡಿ.

"ಹಿಂದಿನವರು ಹಡಗಿನಲ್ಲಿ ಹೋಗಿರಲಿಲ್ಲವೇ?" ಎಂದರು ಅಬ್ಬಾ. ನಿಜ, 1995ರವರೆಗೂ ಮುಂಬಯಿಯಿಂದ ಹಡಗಿತ್ತು. ಆದರೆ ಹಡಗಿನಲ್ಲಿ ಕಾಲು ಚಾಚಿ ಮಲಗಬಹುದಿತ್ತಲ್ಲ!

ಇದು ಬರೀ ಮೈಕೈ ನೋವಿನ ಮಾತೂ ಅಲ್ಲ. ನೇರವಾಗಿ ಮಕ್ಕಾಕ್ಕೆ ಹೋಗುವವರು ಮೀಕಾತ್ ದಾಟುವ ಮೊದಲೇ ಇಹ್ರಾಮಿನ ನಿಯ್ಯತ್ ಮಾಡಬೇಕು. ಆ ಗಡಿ ಬರುವುದು ವಿಮಾನ ಇನ್ನೂ ಆಕಾಶದಲ್ಲಿರುವಾಗ. ಐದು ನಿಮಿಷ ಕಣ್ಣು ಮುಚ್ಚಿದರೆ ಎಪ್ಪತ್ತು ಕಿ.ಮೀ. ಕಳೆದಿರುತ್ತದೆ. ಇಡೀ ರಾತ್ರಿ ಕಾರಿನಲ್ಲಿ ಕುಲುಕಾಡಿದವರು ಆ ಹೊತ್ತಿಗೆ ಎಚ್ಚರವಾಗಿರುತ್ತಾರೆಯೇ?

ಹಜ್‌ಗೆ ಹೋಗುವವರಿಗೆ ಬೆಂಗಳೂರಿನ ಹಜ್ ಭವನವಿದೆ. ಅಲ್ಲಿ ತಂಗಿ ಸುಧಾರಿಸಿಕೊಂಡು ಹೊರಡುತ್ತಾರೆ. ಉಮ್ರಾದವರಿಗೆ ಆ ಏರ್ಪಾಡಿಲ್ಲ, ನಾವೇ ಮಾಡಿಕೊಳ್ಳಬೇಕು. ಹಿಂದಿನ ದಿನವೇ ಹೋಗಿ ಬೆಂಗಳೂರಿನಲ್ಲಿ ಒಂದು ರಾತ್ರಿ ಮಲಗಿಸಿ. ವೀಲ್‌ಚೇರ್ ಬೇಕೆಂದು ಟಿಕೆಟ್ ಮಾಡಿಸುವಾಗಲೇ ಹೇಳಿ. ಟೂರ್‌ನವರನ್ನು ವಿಮಾನ ಎಷ್ಟು ಗಂಟೆ ಎಂದು ಕೇಳುವ ಬದಲು, ಮನೆಯಿಂದ ಮಕ್ಕಾದ ಕೋಣೆಗೆ ಎಷ್ಟು ಗಂಟೆ ಎಂದು ಕೇಳಿ.

ಚಾಚಾ ಒಪ್ಪಿದರು. ಅಬ್ಬಾಗೆ ರೂಮಿನ ಬಾಡಿಗೆ ದಂಡ ಅನ್ನಿಸಿತ್ತು. ಅಷ್ಟರಲ್ಲಿ ದಾದಿ, "ಒಂದಕ್ಕೆ ಹೊರಟರೆ ಫಜ್ರ್ ಎಲ್ಲಿ?" ಎಂದರು. ನಾನು ಲೆಕ್ಕ ಹಾಕಿದೆ: ದೊಡ್ಡಬಳ್ಳಾಪುರದ ಆಚೀಚೆ, ರಸ್ತೆ ಬದಿಯಲ್ಲಿ. ಅಬ್ಬಾ ಏನೂ ಹೇಳಲಿಲ್ಲ. ಮರುದಿನ ಬೆಂಗಳೂರಿನ ಪರಿಚಯದವರಿಗೆ ಫೋನ್ ಮಾಡಿ ರೂಮು ವಿಚಾರಿಸುತ್ತಿದ್ದರು.