ಉಪಕಾರ ಬೇಡ, ವ್ಯಾಪಾರ ಮಾಡಿ

ರೋಹಿಣಿ ಕಾರ್ತೆಯ ಬಿಸಿಲು ಬಂತೆಂದರೆ ನಮ್ಮ ಕೂಕಟ್‌ಪಲ್ಲಿಯ ಅಪಾರ್ಟ್‌ಮೆಂಟುಗಳಲ್ಲಿ ರೈತರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕುತ್ತದೆ. ಕ್ಲಬ್‌ಹೌಸಿನ ಮುಂದೆ ಶಾಮಿಯಾನ, ಬಿದಿರಿನ ಬುಟ್ಟಿ, ‘ಸಾವಯವ’ ಎಂದು ಬರೆದ ಕರಿಹಲಗೆ, ಸಿರಿಧಾನ್ಯದ ಬಿಸ್ಕತ್ತು, ಮಾವಿನಹಣ್ಣು ಹಿಡಿದು ಒಂದು ಸೆಲ್ಫಿ. ಭಾನುವಾರ ಹತ್ತರಿಂದ ಒಂದು ಗಂಟೆಯವರೆಗೆ ‘ಫಾರ್ಮರ್ಸ್ ಮಾರ್ಕೆಟ್’. ಸೋಮವಾರ ಬೆಳಗ್ಗೆ ಅದೇ ಮನೆಗಳ ಬಾಗಿಲಲ್ಲಿ ಹತ್ತು ನಿಮಿಷದ ಆ್ಯಪಿನ ಹುಡುಗ ಕೊತ್ತಂಬರಿ ಸೊಪ್ಪು ಹಿಡಿದು ನಿಂತಿರುತ್ತಾನೆ. ಇದನ್ನು ಸ್ಥಳೀಯರಿಗೆ ಬೆಂಬಲ ಎಂದು ಕರೆಯಲು ನಾನು ಒಪ್ಪುವುದಿಲ್ಲ. ರೈತನ ಹೆಸರಿನಲ್ಲಿ ನಮಗೆ ನಾವೇ ಮಾಡಿಕೊಳ್ಳುವ ಸತ್ಕಾರ ಇದು.

ನಮ್ಮ ಹತ್ತಿರದ ಒಂದು ವಸತಿ ಸಮುಚ್ಚಯದಲ್ಲಿ ಇಂಥ ಮಾರುಕಟ್ಟೆಗೆ ಮೇಜೊಂದಕ್ಕೆ ಇಷ್ಟು ಎಂದು ಬಾಡಿಗೆ ನಿಗದಿ ಮಾಡಿದ್ದರು. ಮೂರು ಗಂಟೆಯ ವ್ಯಾಪಾರಕ್ಕೆ ಮುಂಗಡ ಬಾಡಿಗೆ ಕಟ್ಟಿ, ಗೇಟಿನಲ್ಲಿ ಆಧಾರ್ ತೋರಿಸಿ, ಹತ್ತು ಗಂಟೆಯ ಬಿಸಿಲಿಗೆ ಪಾಲಕ್ ಸೊಪ್ಪು ಹರಡಿ ಕೂರುವ ರೈತ ಯಾರಿದ್ದಾನೆ? ಬಂದವರೆಲ್ಲ ರೈತರ ಚಿತ್ರ ಮುದ್ರಿಸಿದ ಪೊಟ್ಟಣದ ಕಂಪನಿಯವರು. ಊಟಕ್ಕಿಲ್ಲದ ಉಪ್ಪಿನಕಾಯಿ ಅನ್ನುವುದು ಇದಕ್ಕೇ.

ವಿಚಿತ್ರವೆಂದರೆ ನಿಜವಾದ ರೈತರ ಸಂತೆ ನಮ್ಮೂರಲ್ಲೇ ಇದೆ. 1999ರ ಜನವರಿಯಲ್ಲಿ ಅಂದಿನ ಅವಿಭಜಿತ ಆಂಧ್ರಪ್ರದೇಶ ಸರ್ಕಾರ ರೈತು ಬಜಾರ್‌ಗಳನ್ನು ತೆರೆಯಿತು. ಪಂಜಾಬಿನಲ್ಲಿ 1987ರಿಂದಲೇ ‘ಅಪ್ನಿ ಮಂಡಿ’ ಇತ್ತು. ಅದೇ 1999ರ ಕೊನೆಗೆ ತಮಿಳುನಾಡು ಮದುರೆಯಿಂದ ‘ಉಳವರ್ ಸಂದೈ’ ಶುರು ಮಾಡಿತು. ರೈತು ಬಜಾರಿನ ಲೆಕ್ಕ ಸರಳ. ಜಾಗ, ಶೆಡ್ಡು ಸರ್ಕಾರದ್ದು. ಬೆಳೆದವನೆಂದು ಪರಿಶೀಲಿಸಿ ಕೊಟ್ಟ ಫೋಟೋ ಇರುವ ಗುರುತಿನ ಚೀಟಿ ರೈತನದ್ದು. ಅವನಿಗೆ ಮಳಿಗೆ ಬಾಡಿಗೆ ಇಲ್ಲ, ದಲ್ಲಾಳಿಗೆ ಕಮಿಷನ್ ಇಲ್ಲ. ದಿನದ ದರ ಸಗಟು ಬೆಲೆಗಿಂತ ಮೇಲೆ, ಬೀದಿಯ ಚಿಲ್ಲರೆ ಬೆಲೆಗಿಂತ ಕೆಳಗೆ ನಿಗದಿಯಾಗಿ ಹಲಗೆಯ ಮೇಲೆ ಬರುತ್ತದೆ. ಮಾರುವವನಿಗೂ ಕೊಳ್ಳುವವನಿಗೂ ಲಾಭ. ಕೂಕಟ್‌ಪಲ್ಲಿಯ ರೈತು ಬಜಾರ್ ಇದೇ ಏರ್ಪಾಡಿನದು. ಹೌಸಿಂಗ್ ಬೋರ್ಡ್ ಕಾಲೊನಿಯ ಹಳೆಯ ಗೃಹಿಣಿಯರಿಗೆ ಅದು ಗೊತ್ತು. ಲ್ಯಾಪ್‌ಟಾಪ್ ಚೀಲ ಹೊತ್ತು ಬಂದ ನಮಗೆ ಮಾಲ್ ಗೊತ್ತು, ಮೆಟ್ರೊ ಗೊತ್ತು, ಅದು ಗೊತ್ತಿಲ್ಲ.

ಕನ್ನಡಿಗರಿಗೆ ಇದು ಹೊಸ ಪಾಠವೂ ಅಲ್ಲ. 1959ರಲ್ಲಿ ಎಂ.ಎಚ್. ಮರೀಗೌಡರ ಮುತುವರ್ಜಿಯಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಸಂಸ್ಥೆಯೇ ಮುಂದೆ ಹಾಪ್‌ಕಾಮ್ಸ್ ಆಯಿತು. ಬೆಂಗಳೂರಿನ ಮೂಲೆಮೂಲೆಯಲ್ಲಿದ್ದ ಅದರ ಮಳಿಗೆಗಳಲ್ಲಿ ಹಲವು ಈಗ ಬಾಗಿಲು ಹಾಕಿವೆ. ಊರಿಗೆ ಹೋದಾಗ ‘ಅಯ್ಯೋ, ಇಲ್ಲೊಂದು ಹಾಪ್‌ಕಾಮ್ಸ್ ಇತ್ತಲ್ಲ’ ಎಂದು ನಿಟ್ಟುಸಿರು ಬಿಡುತ್ತೇವೆ. ನಿಟ್ಟುಸಿರು ಬಿಡುವವರಲ್ಲಿ ಅಲ್ಲಿ ಕೊಂಡವರೆಷ್ಟು ಮಂದಿ ಎಂದು ಕೇಳಿದರೆ ಮಾತು ಬದಲಾಗುತ್ತದೆ.

ಸಂತೆ ಮುಚ್ಚುವುದಕ್ಕೆ ಯಾರೂ ಆದೇಶ ಹೊರಡಿಸಬೇಕಾಗಿಲ್ಲ, ಗಿರಾಕಿ ಬರದಿದ್ದರೆ ಸಾಕು. ಕೂಕಟ್‌ಪಲ್ಲಿಯಲ್ಲಿ ಈ ಅಪಾಯ ಇನ್ನೂ ಹೆಚ್ಚು. 2025ರ ಆಗಸ್ಟ್‌ನಲ್ಲಿ ಹೌಸಿಂಗ್ ಬೋರ್ಡ್ ಇಲ್ಲಿ ಹರಾಜು ಹಾಕಿದ ಭೂಮಿ ಎಕರೆಗೆ 70 ಕೋಟಿ ರೂಪಾಯಿಗೆ ಹೋಯಿತು. ಅಂಥ ನೆಲದ ಮೇಲೆ ಒಬ್ಬಾಕೆ ಹತ್ತು ರೂಪಾಯಿಗೆ ಎರಡು ಕಟ್ಟು ಸೊಪ್ಪು ಮಾರುತ್ತಿದ್ದಾಳೆ. ಅವಳ ಶೆಡ್ಡಿನ ಮುಂದೆ ಬೆಳಗ್ಗೆ ಏಳಕ್ಕೆ ಜನ ನಿಂತಿರುವವರೆಗೆ ಅದನ್ನು ಮುಟ್ಟಲು ಯಾವ ಸರ್ಕಾರಕ್ಕೂ ಅಳುಕು ಇರುತ್ತದೆ. ಜನ ಕರಗಿದ ದಿನ ‘ಬಳಕೆಯಾಗದ ಜಾಗ’ ಎಂಬ ಒಂದು ಟಿಪ್ಪಣಿ ಸಾಕು.

ಬೇಸಿಗೆಯ ಕೊನೆಯೇ ಇದರ ಪರೀಕ್ಷೆಯ ಕಾಲ. ಚೇವೆಳ್ಳ, ಶಂಕರ್‌ಪಲ್ಲಿ, ವಿಕಾರಾಬಾದ್ ಕಡೆಯ ಬೋರ್‌ವೆಲ್ಲುಗಳಲ್ಲಿ ನೀರು ಇಳಿದಿರುತ್ತದೆ. ಕಷ್ಟಪಟ್ಟು ಉಳಿಸಿಕೊಂಡ ಸೊಪ್ಪು ನಸುಕಿನಲ್ಲಿ ಕೊಯ್ದು ತಂದರೆ ಹನ್ನೊಂದಕ್ಕೆಲ್ಲ ಬಾಡುತ್ತದೆ. ಏಳಕ್ಕೆ ಇದ್ದ ಬೆಲೆ ಹನ್ನೊಂದಕ್ಕೆ ಇಲ್ಲ. ಒಂದು ಗಂಟೆಗೆ ಅದು ದನದ ಮೇವು. ಬೋವೆನ್‌ಪಲ್ಲಿಯ ಸಗಟು ಮಾರುಕಟ್ಟೆಯಲ್ಲಿ ದಿನಕ್ಕೆ ಸುಮಾರು 10 ಟನ್ ತರಕಾರಿ ಕಸದಿಂದ 500 ಯೂನಿಟ್ ವಿದ್ಯುತ್ ತೆಗೆಯುತ್ತಾರೆ. 2021ರಲ್ಲಿ ಪ್ರಧಾನಿಯವರ ರೇಡಿಯೊ ಭಾಷಣದಲ್ಲೂ ಅದರ ಪ್ರಸ್ತಾಪ ಬಂತು. ಒಳ್ಳೆಯ ಕೆಲಸವೇ. ಆದರೆ ಅದರಲ್ಲಿ ಮಾರಾಟವಾಗದೆ ಕೊಳೆತದ್ದನ್ನು ಯಾರೋ ಒಬ್ಬರು ನೀರು ಹಾಯಿಸಿ ಬೆಳೆದಿದ್ದರು. ಅವರ ಮನೆಯ ದೀಪ ಅದರಿಂದ ಉರಿಯಲಿಲ್ಲ.

ನಾವು ಕೊಡುವ ರೂಪಾಯಿ ಎಲ್ಲಿಗೆ ಹೋಗುತ್ತದೆ? ರಿಸರ್ವ್ ಬ್ಯಾಂಕಿನ 2024ರ ಒಂದು ಅಧ್ಯಯನ ಇದನ್ನು ಲೆಕ್ಕ ಹಾಕಿತ್ತು. ಗ್ರಾಹಕ ಕೊಡುವ ಒಂದು ರೂಪಾಯಿಯಲ್ಲಿ ಟೊಮೆಟೊ ಬೆಳೆದವನಿಗೆ ಸುಮಾರು 33 ಪೈಸೆ, ಈರುಳ್ಳಿ ಬೆಳೆದವನಿಗೆ 36, ಆಲೂಗಡ್ಡೆಗೆ 37. ಮಿಕ್ಕದ್ದೆಲ್ಲ ದಾರಿಯಲ್ಲಿ. ಆ ದಾರಿಯನ್ನು ಮೊಟಕು ಮಾಡುವುದಕ್ಕೆಂದೇ ರೈತು ಬಜಾರ್ ಇರುವುದು.

ಇಪ್ಪತ್ತು ವರ್ಷ ಪ್ರಾಜೆಕ್ಟ್ ನಡೆಸಿದವನಾಗಿ ಒಂದು ಮಾತು ಹೇಳಬಲ್ಲೆ. ವರ್ಷಕ್ಕೊಮ್ಮೆ ಬಂದು ನಮ್ಮ ಕೆಲಸ ಹೊಗಳಿ ಹೋಗುವವರನ್ನು ನಮ್ಮ ಉದ್ಯಮದಲ್ಲಿ ಗ್ರಾಹಕ ಅನ್ನುವುದಿಲ್ಲ, ಅತಿಥಿ ಅನ್ನುತ್ತೇವೆ. ಕರಾರು ನವೀಕರಿಸುವವನೇ ಗ್ರಾಹಕ. ಮುಂದಿನ ಮೂರು ತಿಂಗಳಿಗೆ ಎಷ್ಟು ಕೆಲಸ ಬರುತ್ತದೆಂದು ತಿಳಿಯದಿದ್ದರೆ ನಾವು ಒಬ್ಬನನ್ನೂ ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. ಬೀಜ ಹಾಕುವವನಿಗೆ ಮಾತ್ರ ಅಂದಾಜೇ ಬೇಡವೆ? ಅವನಿಗೆ ಬೇಕಾದದ್ದು ವಾರವಾರವೂ ಅದೇ ಹೊತ್ತಿಗೆ ಬರುವ, ಮುನ್ನೂರು ರೂಪಾಯಿಯ ಸಾದಾ ಗಿರಾಕಿ. ಚಪ್ಪಾಳೆಯಿಂದ ಬೋರ್‌ವೆಲ್ ಸಾಲ ತೀರುವುದಿಲ್ಲ.

ಆಕ್ಷೇಪಗಳು ನನಗೆ ಗೊತ್ತು. ಸಮಯವಿಲ್ಲ ಅನ್ನುತ್ತೀರಿ. ವಾರಕ್ಕೆ ಒಂದು ಬೆಳಗ್ಗೆ, ನಲವತ್ತು ನಿಮಿಷ. ಜಿಮ್ಮಿಗೆ ಅದಕ್ಕಿಂತ ಹೆಚ್ಚು ಕೊಡುತ್ತೇವೆ. ಆ್ಯಪಿನಲ್ಲಿ ಅಗ್ಗ ಅನ್ನುತ್ತೀರಿ. ಕೆಲವು ದಿನ ಹೌದು. ಹೂಡಿಕೆದಾರರ ದುಡ್ಡು ಕರಗುವವರೆಗೆ. ಪಕ್ಕದ ಅಂಗಡಿಗಳು ಮುಚ್ಚಿದ ಮೇಲೆ ಬೆಲೆ ನಿಗದಿ ಮಾಡುವವರು ಯಾರು? ಡೆಲಿವರಿ ಹುಡುಗನೂ ಬಡವನಲ್ಲವೆ ಅನ್ನುತ್ತೀರಿ. ಇದು ಗಟ್ಟಿ ಪ್ರಶ್ನೆ. ಅವನೂ ಎಷ್ಟೋ ಸಲ ಇಂಥದೇ ಹಳ್ಳಿಯಿಂದ, ಇಂಥದೇ ಒಣಗಿದ ಹೊಲ ಬಿಟ್ಟು ಬಂದವನು. ಅವನ ಮೇಲೆ ನನಗೆ ಸಿಟ್ಟಿಲ್ಲ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಒಂದು ನಿಂಬೆಹಣ್ಣಿಗಾಗಿ ಅವನನ್ನು ಓಡಿಸುವ ನಮ್ಮ ಚಟದ ಮೇಲೆ ಸಿಟ್ಟಿದೆ. ಇನ್ನು, ರೈತು ಬಜಾರುಗಳಲ್ಲೂ ದಲ್ಲಾಳಿಗಳು ರೈತರ ಚೀಟಿ ಇಟ್ಟುಕೊಂಡು ಕೂತಿದ್ದಾರೆ ಎಂಬ ದೂರು. ಹಳೆಯ ದೂರು, ಸುಳ್ಳಲ್ಲ. ಆದರೆ ಅದಕ್ಕೆ ಮದ್ದು ಅಲ್ಲಿಗೆ ಹೋಗದಿರುವುದಲ್ಲ. ಹೋಗಿ, ‘ಮೀ ಊರು ಎಕ್ಕಡ?’ ಎಂದು ಕೇಳುವುದು, ಚೀಟಿ ನೋಡುವುದು, ಎಸ್ಟೇಟ್ ಆಫೀಸರಿಗೆ ಬರೆದುಕೊಡುವುದು. ಗಿರಾಕಿಯ ಕಣ್ಣಿರುವ ಕಡೆ ಕಳ್ಳಾಟ ಕಡಿಮೆ.

ವಲಸಿಗರಾದ ನಮಗೆ ಇನ್ನೊಂದು ಮುಜುಗರದ ಪ್ರಶ್ನೆ ಇದೆ. ‘ಸ್ಥಳೀಯ’ ಅಂದರೆ ನಮಗೆ ಯಾವುದು? ಬ್ಯಾಡಗಿ ಮೆಣಸಿನಕಾಯಿ, ಚಿಕ್ಕಮಗಳೂರಿನ ಕಾಫಿಪುಡಿ ತರಿಸಲು ನಮ್ಮ ಗುಂಪುಗಳಲ್ಲಿ ಇರುವ ಉತ್ಸಾಹ ನನಗೂ ಇದೆ. ಆದರೆ ನೀರು ಕುಡಿಯುವುದು ಇಲ್ಲಿಯದು, ಮಕ್ಕಳು ಓದುವುದು ಇಲ್ಲಿ. ಬೀದರ್, ಕಲಬುರಗಿ, ರಾಯಚೂರಿನವರಿಗಂತೂ 1956ರವರೆಗೆ ಈ ಹೈದರಾಬಾದೇ ರಾಜಧಾನಿ. ಅವರ ಪುಂಡಿಪಲ್ಯದ ಸೊಪ್ಪೇ ಇಲ್ಲಿಯ ಗೋಂಗೂರ. ಬೇಸಿಗೆಯಲ್ಲಿ ಉಪ್ಪಿನಕಾಯಿ ಮಾವನ್ನು ಕೊಂಡಲ್ಲೇ ದೊಡ್ಡ ಕತ್ತಿಯಲ್ಲಿ ಗೊರಟೆ ಸಮೇತ ಹೋಳು ಮಾಡಿಕೊಡುವವರು ನಮ್ಮವರಲ್ಲದೆ ಇನ್ನಾರವರು?

ಹಾಗಾದರೆ ಏನು ಮಾಡಬೇಕು? ನಿವಾಸಿ ಸಂಘಗಳು ಉತ್ಸವ ನಿಲ್ಲಿಸಿ ದಿನಚರಿ ಶುರು ಮಾಡಲಿ. ವಾರಕ್ಕೊಂದು ನಿಗದಿತ ದಿನ, ಬೆಳಗ್ಗೆ ಆರೂವರೆಯಿಂದ ಒಂಬತ್ತು, ಚೀಟಿ ಇರುವ ಇಬ್ಬರು ಮೂವರು ರೈತರು, ಬಾಡಿಗೆ ಸೊನ್ನೆ, ಹಿಂದಿನ ರಾತ್ರಿಯೇ ಮನೆಮನೆಯ ಬೇಡಿಕೆಯ ಪಟ್ಟಿ. ಅದಾಗದಿದ್ದರೆ ನಾಲ್ಕು ಮನೆಯವರು ಸೇರಿ ಒಂದು ಕಾರಿನಲ್ಲಿ ರೈತು ಬಜಾರಿಗೆ ಹೋಗಲಿ. ಸಂತೆಯಲ್ಲಿ ನೆರಳು, ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ ಕೇಳಿ ಅರ್ಜಿ ಹಾಕಲಿ. ಇಂಗ್ಲಿಷಿನಲ್ಲಿ ಇಮೇಲ್ ಬರೆಯುವುದು ನಮಗೆ ಬರುವ ಒಂದೇ ವಿದ್ಯೆ, ಅದಾದರೂ ಉಪಯೋಗಕ್ಕೆ ಬರಲಿ. ಹಲಗೆಯ ದರದ ಮೇಲೆ ಚೌಕಾಸಿ ಬೇಡ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಕೊತ್ತಂಬರಿ ಕಟ್ಟಿಗೆ ಹೋದದ್ದೂ ಬಾರದು. ಹಾಗೆಯೇ ಮೂಲೆಯ ಕಿರಾಣಿಯವನು, ಇಸ್ತ್ರಿಯವನು, ಬ್ಲೌಸು ಹೊಲಿಯುವಾಕೆ: ಲಾಕ್‌ಡೌನಿನಲ್ಲಿ ಸಾಲಕ್ಕೆ ಅಕ್ಕಿ ಕೊಟ್ಟದ್ದು ಯಾರೆಂದು ನೆನಪಿಸಿಕೊಳ್ಳೋಣ.

ರೈತನಿಗೆ ನಮ್ಮ ಕನಿಕರ ಬೇಕಿಲ್ಲ. ಈ ಶನಿವಾರ ಏಳು ಗಂಟೆಗೆ ಚೀಲ ಹಿಡಿದು ಹೋಗಿ, ಚಿಲ್ಲರೆ ಇಟ್ಟುಕೊಳ್ಳಿ. ಮುಂದಿನ ಶನಿವಾರವೂ ಹೋಗಿ. ಮೂರನೆಯ ವಾರ ಆಕೆ ನಿಮಗೆಂದು ಒಂದು ಕಟ್ಟು ಮೆಂತ್ಯ ತೆಗೆದಿಟ್ಟಿದ್ದರೆ, ಅಂದಿನಿಂದ ನೀವು ಅಲ್ಲಿಯ ಗಿರಾಕಿ.