ಸಾವಿನ ಆಟ ಮತ್ತು ನಮ್ಮ ಬಾವಿಕಟ್ಟೆ

ಬೇಸಿಗೆ ರಜೆಗೆ ಬಂದ ಮೊಮ್ಮಗ ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಆಟವಾಡುತ್ತಿದ್ದ. ಇಣುಕಿ ನೋಡಿದೆ. ಒಂದು ಪುಟ್ಟ ಪೇಟೆ, ಇರುವೆಗಳಂತೆ ಓಡಾಡುವ ಜನ. ಹುಡುಗ ಒಂದು ಕಡೆ ಬೆರಳೊತ್ತಿದ. ಮೇಲಿನಿಂದ ಏನೋ ಬಿತ್ತು, ಕೆಳಗೆ ನಡೆದುಹೋಗುತ್ತಿದ್ದವನು ಸತ್ತ. "ಅಜ್ಜಾ, ಇನ್ನೂ ಐದು ಜನ ಸಾಯಬೇಕು" ಎಂದು ನಕ್ಕ. ನನಗೆ ಸಿಟ್ಟು ಬಂತು. ಆದರೂ ಪಕ್ಕದಲ್ಲಿ ಕುಳಿತು ನೋಡಿದೆ.

'ಡೆತ್ ಕಮಿಂಗ್' ಎಂಬ ಈ ಆಟವನ್ನು ಚೀನಾದ ನೆಕ್ಸ್ಟ್ ಸ್ಟುಡಿಯೋಸ್ 2017ರಲ್ಲಿ ಹೊರತಂದಿತು. ಇದರಲ್ಲಿ ಆಡುವವನು ಮೊದಲೇ ಸತ್ತು, ಸಾವಿನ ಕೆಲಸದಾಳಾಗಿರುತ್ತಾನೆ. ಅವನ ಕೈಯಲ್ಲಿ ಕತ್ತಿಯಿಲ್ಲ, ಕೋವಿಯಿಲ್ಲ. ಸುತ್ತಲಿನ ವಸ್ತುಗಳನ್ನು ಸರಿಯಾದ ಹೊತ್ತಿಗೆ ಅಲುಗಿಸುವುದಷ್ಟೇ ಅವನ ಕೆಲಸ. ಒಂದು ಇನ್ನೊಂದನ್ನು ದೂಡುತ್ತದೆ, ಕೊನೆಗೆ ಜೀವ ಹೋಗುತ್ತದೆ.

ಸಣ್ಣ ಮಕ್ಕಳಿಗೆ ಇಂಥ ಆಟ ಬೇಡವೆಂದೇ ನನ್ನ ಅಭಿಪ್ರಾಯ. ಆದರೆ ದೊಡ್ಡವರಾದ ನಾವು ಅದರಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಆಟದಲ್ಲಿ ಸತ್ತವನು ತಪ್ಪೇನೂ ಮಾಡಿರಲಿಲ್ಲ. ದಿನವೂ ನಡೆಯುವ ದಾರಿಯಲ್ಲೇ ನಡೆದಿದ್ದ. ತಪ್ಪು ಇದ್ದದ್ದು ಸುತ್ತಲಿನ ಏರ್ಪಾಡಿನಲ್ಲಿ. ನಾವಾದರೋ ತೋಟದಲ್ಲಿ ಯಾರಾದರೂ ಸತ್ತರೆ "ಅವನ ಅಜಾಗ್ರತೆ" ಅಥವಾ "ಆಯುಷ್ಯ ಅಷ್ಟೇ" ಎಂದು ಮಾತು ಮುಗಿಸುತ್ತೇವೆ.

ಬಾವಿಯ ಉದಾಹರಣೆಯನ್ನೇ ನೋಡಿರಿ. ಬಾವಿ ಕೆಲಸಕ್ಕೆ ನೀರು ಖಾಲಿ ಮಾಡಬೇಕು, ಕರೆಂಟು ಇಲ್ಲ. ಪೆಟ್ರೋಲ್ ಪಂಪು ತರುತ್ತೇವೆ. ಮೇಲಿಟ್ಟ ಪಂಪು ಸುಮಾರು 7 ಮೀಟರಿಗಿಂತ ಹೆಚ್ಚು ಆಳದ ನೀರನ್ನು ಎಳೆಯಲಾರದು. ಆದ್ದರಿಂದ ಅದನ್ನು ಬಾವಿಯೊಳಗೇ ಇಳಿಸುತ್ತೇವೆ. ಎಂಜಿನ್ ಉಗುಳಿದ ಕಾರ್ಬನ್ ಮಾನಾಕ್ಸೈಡ್ ಅಲ್ಲೇ ತುಂಬುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಎಂಜಿನ್ ನಿಂತಿತೆಂದು ಇಳಿದವನು ಕುಸಿಯುತ್ತಾನೆ. ಅವನನ್ನು ಎತ್ತಲು ತಮ್ಮ ಇಳಿಯುತ್ತಾನೆ, ತಮ್ಮನ ಹಿಂದೆ ನೆರೆಮನೆಯವನು. ಇವರಲ್ಲಿ ಯಾರನ್ನು ಅಜಾಗ್ರತೆಯವನೆನ್ನೋಣ? ಪ್ರೀತಿಯೇ ಇಲ್ಲಿ ಸರಪಳಿಯ ಕೊಂಡಿಯಾಯಿತು.

ಅಮೆರಿಕದ ವಿಮಾ ಕಂಪೆನಿಯೊಂದರಲ್ಲಿದ್ದ ಹೈನ್ರಿಕ್ ಎಂಬವರು 1931ರಲ್ಲಿ ಕಾರ್ಖಾನೆ ಅಪಘಾತಗಳ ಬಗ್ಗೆ ಒಂದು ಪುಸ್ತಕ ಬರೆದರು. ಅಪಘಾತವೆಂದರೆ ಸಾಲಾಗಿ ನಿಲ್ಲಿಸಿದ ಬಿಲ್ಲೆಗಳು ಒಂದರ ಮೇಲೊಂದು ಬಿದ್ದಂತೆ, ನಡುವಿನ ಒಂದನ್ನು ತೆಗೆದರೆ ಸಾಲು ಅಲ್ಲಿಗೇ ನಿಲ್ಲುತ್ತದೆ ಎಂಬುದು ಅವರ ವಿಚಾರ. ಹೆಚ್ಚಿನ ತಪ್ಪನ್ನು ಅವರು ಕೆಲಸಗಾರನ ಮೇಲೆ ಹೊರಿಸಿದ್ದನ್ನು ಮುಂದಿನವರು ಒಪ್ಪಲಿಲ್ಲ. ನಾನೂ ಒಪ್ಪುವುದಿಲ್ಲ. ಆದರೆ ಒಂದು ಬಿಲ್ಲೆ ತೆಗೆಯಿರೆಂಬ ಮಾತು ನಮಗೆ ಬೇಕಾದದ್ದೇ.

ಬಾವಿಯಲ್ಲಿ ಆ ಬಿಲ್ಲೆ ಎಂಜಿನ್. ಅದನ್ನು ಒಳಗೆ ಇಳಿಸಲೇಬಾರದು. ಮುಳುಗುವ ಪಂಪನ್ನು ಇಳಿಸಿ, ಜನರೇಟರನ್ನು ಬಾವಿಯ ಬಾಯಿಯಿಂದ ದೂರ ಇಡಿರಿ. ದೀಪ ಇಳಿಸಿ ನೋಡಿದೆವು, ಆರಲಿಲ್ಲ ಎಂಬ ಧೈರ್ಯ ಸಾಲದು. ದೀಪ ಆಮ್ಲಜನಕದ ಕೊರತೆಯನ್ನಷ್ಟೇ ತಿಳಿಸುತ್ತದೆ, ಈ ವಿಷಗಾಳಿಯನ್ನಲ್ಲ. ಒಬ್ಬ ಕುಸಿದರೆ ಇನ್ನೊಬ್ಬ ಇಳಿಯದೆ 101ಕ್ಕೆ ಕರೆಮಾಡಿ ಅಗ್ನಿಶಾಮಕದವರನ್ನು ಕರೆಸಬೇಕು. ಗೋಬರ್ ಗ್ಯಾಸ್ ಗುಂಡಿಗೂ ಇದೇ ನಿಯಮ.

ಹೀಗೆಯೇ ತಂಪುಪಾನೀಯದ ಬಾಟಲಿಗೆ ಸುರಿದಿಟ್ಟ ಕೀಟನಾಶಕ. ಹೀಗೆಯೇ ವಿದ್ಯುತ್ ತಂತಿಯ ಪಕ್ಕದ ಅಡಿಕೆ ಮರಕ್ಕೆ ಎತ್ತುವ ಅಲ್ಯುಮಿನಿಯಂ ದೋಟಿ. ಹಗುರವೆಂದು ಕೊಳ್ಳುವ ಕಾರ್ಬನ್ ಫೈಬರ್ ದೋಟಿಯಲ್ಲೂ ವಿದ್ಯುತ್ ಹರಿಯುತ್ತದೆಂಬುದನ್ನು ಮರೆಯಬಾರದು.

ಮರುದಿನ ಮೊಮ್ಮಗನನ್ನು ಕರೆದುಕೊಂಡು ಅಂಗಳ, ಕೊಟ್ಟಿಗೆ, ತೋಟ ಸುತ್ತಿದೆ. "ಇಲ್ಲಿ ಸಾವು ಎಲ್ಲೆಲ್ಲಿ ಬೆರಳಿಡಬಹುದು, ಹೇಳು" ಎಂದೆ. ಅರ್ಧ ಗಂಟೆಯಲ್ಲಿ ಒಂಬತ್ತು ಜಾಗ ತೋರಿಸಿದ. ನಲುವತ್ತು ವರ್ಷ ಅಲ್ಲೇ ನಡೆದಾಡಿದ ನನಗೆ ಮೂರೇ ಗೊತ್ತಿದ್ದವು. ನಿಮ್ಮ ಮನೆಯ ಮಕ್ಕಳನ್ನೂ ಒಮ್ಮೆ ಹೀಗೆ ಸುತ್ತಿಸಿರಿ. ಅವರು ತೋರಿಸಿದ್ದನ್ನು ಅಂದೇ ಸರಿಪಡಿಸಿರಿ.