ಯಾವ ಪಟ್ಟು ಕಲೀಲಿ ಗುರುವೇ?

ಹೀರೋ ಶರ್ಟಿನ ತೋಳು ಮಡಚಿದ ಕೂಡಲೇ ಥಿಯೇಟರಿನಲ್ಲಿ ಶಿಳ್ಳೆಯೋ ಶಿಳ್ಳೆ! ಹನ್ನೆರಡು ಜನ ರೌಡಿಗಳು ಸರದಿಯಲ್ಲಿ ಬಂದು ಒದೆ ತಿಂದು ಸರದಿಯಲ್ಲೇ ಹಾರಿ ಬೀಳ್ತಾರೆ. ಆಟ ಬಿಟ್ಟ ಮೇಲೆ ಅರ್ಧ ಗಂಟೆ ನಮ್ಮ ಹುಡುಗರ ನಡಿಗೆಯೇ ಬೇರೆ. ಆ ಅರ್ಧ ಗಂಟೆಯಲ್ಲಿ ಬರೆದ ಕಾಗದಗಳು ನನ್ನ ಮುಂದೆ ರಾಶಿ ಬಿದ್ದಿವೆ. “ಕರಾಟೆ ಕಲೀಲೋ, ಕುಂಗ್‌ಫೂನೋ? ಎಷ್ಟು ತಿಂಗಳಿಗೆ ಬ್ಲ್ಯಾಕ್ ಬೆಲ್ಟ್ ಸಿಗುತ್ತೆ?” ಎಲ್ಲರದೂ ಒಂದೇ ರಾಗ.

ಒಂದು ಕಾಗದ ಮಾತ್ರ ಬೇರೆ. ದಾವಣಗೆರೆ ಕಡೆಯ ಹುಡುಗ, ಗ್ಯಾರೇಜಿನಲ್ಲಿ ಕೆಲಸ. ಸಂಬಳದ ದಿನ ರಾತ್ರಿ ನಾಲ್ಕು ಜನ ಅಡ್ಡಗಟ್ಟಿ, ಹೊಡೆದು, ದುಡ್ಡು ಕಿತ್ಕೊಂಡರಂತೆ. “ಅವರು ದಿನಾ ನಮ್ಮ ಬೀದಿಯಲ್ಲೇ ಓಡಾಡ್ತಾರೆ ಸಾರ್. ನೋಡಿ ನಗ್ತಾರೆ. ಆರು ತಿಂಗಳಲ್ಲಿ ನಾಲ್ಕೂ ಜನರನ್ನ ಮಲಗಿಸೋ ವಿದ್ಯೆ ಯಾವುದು ಹೇಳಿ” ಅಂತ ಕೇಳಿದ್ದಾನೆ. ಈ ವಾರದ ಅಂಕಣ ಅವನಿಗೆ. ಉಳಿದ ಮಿತ್ರರೂ ಪಕ್ಕದಲ್ಲಿ ಕೂತು ಕೇಳಿ.

ಮೊದಲು ಪರದೆ ಮೇಲಿನ ಮಾಯೆ ಬಿಡಿಸೋಣ. ಅಲ್ಲಿ ಹೊಡೆಯುವವನಷ್ಟೇ ಶ್ರಮ ಬೀಳುವವನದೂ ಇರುತ್ತೆ. ಏಟು ಮುಖಕ್ಕೆ ತಾಗದಿದ್ದರೂ ತಾಗಿದಂತೆ ಕಾಣುವ ಜಾಗದಲ್ಲಿ ಕ್ಯಾಮೆರಾ ಇಟ್ಟಿರ್ತಾರೆ. “ಡಿಶುಂ” ಸದ್ದು ಆಮೇಲೆ ಸೇರುತ್ತೆ. ಜಾಕಿ ಚಾನ್ ಮೇಜು ಕುರ್ಚಿ ಹಾರೋದನ್ನ ನೋಡಿ ಬಾಯಿ ಬಿಡ್ತೀವಲ್ಲ, ಆತ ಚಿಕ್ಕ ಹುಡುಗನಾಗಿದ್ದಾಗಲೇ ಹಾಂಗ್‌ಕಾಂಗಿನ ಪೀಕಿಂಗ್ ಆಪೆರಾ ಶಾಲೆ ಸೇರಿ ಸುಮಾರು 10 ವರ್ಷ ಅಲ್ಲೇ ಉಳಿದು ಲಾಗ ಹಾಕಿದವನು. ಅದು ಕಾಳಗದ ಜೊತೆಗೆ ನಾಟಕದ ವಿದ್ಯೆ.

ಪರದೆಯ ಸಾಹಸದ ಬೆಲೆ ಎಷ್ಟು ಅನ್ನೋದು ಕನ್ನಡದವರಿಗೆ ಗೊತ್ತು. 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಚಿತ್ರಕ್ಕಾಗಿ ಅನಿಲ್ ಮತ್ತು ಉದಯ್ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದರು. ಮತ್ತೆ ಮೇಲೆ ಬರಲಿಲ್ಲ. ಕಬ್ಬಿಣದಂಥ ಮೈಕಟ್ಟು ಅವರದು. ಆದರೆ ನೀರಿಗೆ ಮೈಕಟ್ಟು ಲೆಕ್ಕಕ್ಕಿಲ್ಲ. ತೋಳು ದಪ್ಪಗಿದ್ದ ಮಾತ್ರಕ್ಕೆ ಎಲ್ಲ ಕಡೆ ಗೆಲ್ತೀವಿ ಅನ್ನೋ ಭ್ರಮೆ ಇದ್ದವರು ಈ ದಿನವನ್ನು ನೆನಪಿಡಬೇಕು.

ಈಗ ವಿದ್ಯೆಗಳ ಸರದಿ.

ಕರಾಟೆ: ಶಂಕರನಾಗ್‌ಗೆ ‘ಕರಾಟೆ ಕಿಂಗ್’ ಅಂತ ಪಟ್ಟ ಕಟ್ಟಿದ ನಾಡು ನಮ್ಮದು. 1990ರಲ್ಲಿ ಅವರು ನಮ್ಮನ್ನಗಲಿದರೂ ಆಟೋಗಳ ಹಿಂದಿನ ಚಿತ್ರ ಅಳಿಸಿಲ್ಲ. ಸಣ್ಣ ಊರಲ್ಲೂ ಸುಲಭವಾಗಿ ಸಿಗೋದು ಇದೇ ಕ್ಲಾಸು. ಓಕಿನಾವಾ ದ್ವೀಪದ ಈ ವಿದ್ಯೆಯನ್ನು 1922ರಲ್ಲಿ ಗಿಚಿನ್ ಫುನಾಕೋಶಿ ಟೋಕಿಯೋಗೆ ತಂದರು. ಶಿಸ್ತು, ಉಸಿರು, ನಿಲುವು, ಒದೆಯ ವೇಗ ಎಲ್ಲ ಬರುತ್ತೆ. ಆದರೆ ಬರೀ ಗಾಳಿಗೆ ಗುದ್ದಿಸಿ ಮನೆಗೆ ಕಳಿಸೋ ಕ್ಲಾಸಾದರೆ, ನಿಜವಾದ ಏಟು ಮೈಗೆ ಬಿದ್ದ ದಿನ ಕಲಿತದ್ದೆಲ್ಲ ಮರೆತುಹೋಗುತ್ತೆ. ಎದುರಾಳಿ ಜೊತೆ ಆಡಿಸ್ತಾರಾ ಅಂತ ಮೊದಲೇ ಕೇಳಿ. ಕ್ಯೋಕುಶಿನ್ ಅನ್ನೋ ಪಂಥದಲ್ಲಿ ಏಟು ನಿಜವಾಗಿಯೇ ಬೀಳುತ್ತೆ. ಆದರೆ ಮುಖಕ್ಕೆ ಮುಷ್ಟಿ ಹಾಕುವಂತಿಲ್ಲ.

ಟೇಕ್ವಾಂಡೋ: ಕೊರಿಯಾದ್ದು. ಕಾಲಿನದೇ ರಾಜ್ಯಭಾರ. ಮೈ ಬಳುಕಬೇಕು, ವಯಸ್ಸು ಸಣ್ಣದಿದ್ದರೆ ಒಳ್ಳೇದು. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಪದಕದ ಆಟ.

ಬಾಕ್ಸಿಂಗ್: ಬೇಗ ಕೈಗೆ ಹತ್ತುವ ವಿದ್ಯೆ. ನಾಲ್ಕೇ ನಾಲ್ಕು ಬಗೆಯ ಗುದ್ದು, ಪಾದದ ಚಲನೆ, ತಲೆ ತಪ್ಪಿಸೋದು. ಮೂರು ತಿಂಗಳಲ್ಲಿ ಮನುಷ್ಯ ಬದಲಾದದ್ದು ಕಾಣುತ್ತೆ. ಅಪಾಯವೂ ಅಲ್ಲೇ ಇದೆ. ತಲೆಗೆ ಬಿದ್ದ ಏಟು ಲೆಕ್ಕ ಇಟ್ಟುಕೊಂಡಿರುತ್ತೆ, ಮರೆಯೋದಿಲ್ಲ. ಬಂದ ಮೊದಲ ವಾರವೇ ರಿಂಗಿಗೆ ಇಳಿಸಿ ಹೊಡೆಸುವ ಮಾಸ್ತರಿದ್ದರೆ ಚಪ್ಪಲಿ ಹಾಕ್ಕೊಂಡು ವಾಪಸ್ ಬನ್ನಿ. ಥಾಯ್ಲೆಂಡಿನ ಮುಯ್ ಥಾಯ್‌ನಲ್ಲಿ ಮುಷ್ಟಿ ಜೊತೆ ಮೊಣಕೈ, ಮೊಣಕಾಲು, ಕಣಕಾಲೂ ಸೇರ್ತವೆ. ಅಕ್ಷಯ್ ಕುಮಾರ್ ಬ್ಯಾಂಕಾಕ್‌ನಲ್ಲಿ ಹೋಟೆಲ್ ಕೆಲಸ ಮಾಡ್ತಾ ಕಲಿತದ್ದು ಇದನ್ನೇ.

ಜೂಡೋ: 1882ರಲ್ಲಿ ಜಿಗೋರೋ ಕಾನೋ ಕಟ್ಟಿದ್ದು. ಮೊದಲ ಪಾಠವೇ ಬೀಳೋದು! ತಲೆ ನೆಲಕ್ಕೆ ಬಡಿಯದ ಹಾಗೆ, ಕೈ ಊರಿ ಮುರಿಯದ ಹಾಗೆ ಬೀಳೋದು. ಬೈಕಿನಿಂದ ಜಾರಿದಾಗಲೂ ಉಪಯೋಗಕ್ಕೆ ಬರುವ ಪಾಠ ಇದು. ಜೂಡೋ ಬೇರಿನಿಂದ ಚಿಗುರಿದ್ದು ಬ್ರೆಜಿಲ್‌ನ ಜುಜುತ್ಸು. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಬೇರೆ ಬೇರೆ ವಿದ್ಯೆಯವರನ್ನು ಒಂದೇ ಪಂಜರಕ್ಕೆ ಬಿಟ್ಟರು. ಗೆದ್ದವನು ರಾಯ್ಸ್ ಗ್ರೇಸಿ. ಒಂದೇ ರಾತ್ರಿ ಮೂರು ಜನ ಅವನಿಗೆ ಶರಣಾದರು. ಅವನೇನೂ ಭೀಮಕಾಯನಲ್ಲ! ಬ್ರೂಸ್ ಲೀ ಭಕ್ತರೇ, ನೀವೂ ಕೇಳಿ. 1973ರ ‘ಎಂಟರ್ ದ ಡ್ರ್ಯಾಗನ್’ನ ಮೊದಲ ಕಾಳಗವನ್ನು ಮತ್ತೆ ನೋಡಿ. ಸ್ಯಾಮೊ ಹಂಗ್‌ನನ್ನು ಬ್ರೂಸ್ ಲೀ ಕೊನೆಗೆ ಸೋಲಿಸೋದು ಒದ್ದಲ್ಲ, ನೆಲದ ಮೇಲೆ ಕೈ ತಿರುಚಿ ಹಿಡಿದು! ವಿಂಗ್ ಚುನ್ ಕಲಿತು ಬಂದ ಆ ಮಹಾಶಯ ಬಾಕ್ಸಿಂಗ್ ನೋಡಿದ, ಜೂಡೋ ಬಲ್ಲವರ ಹತ್ತಿರ ಪಟ್ಟು ಕೇಳಿದ. ‘ಒಂದೇ ವಿದ್ಯೆ ಸಾಕು’ ಅನ್ನಲಿಲ್ಲ. ಕುಂಗ್‌ಫೂ ಬೇಕು ಅನ್ನುವವರು ಇದನ್ನು ಗಮನಿಸಬೇಕು.

ಕಳರಿಪಯಟ್ಟು: ಕೇರಳದ್ದು. ಮೊದಲು ಮೈ ಪಳಗಿಸಬೇಕು, ಆಮೇಲೆ ಕೋಲು, ಆಮೇಲೆ ಕತ್ತಿ ಗುರಾಣಿ. ‘ಕಮಾಂಡೋ’ದ ವಿದ್ಯುತ್ ಜಮ್ವಾಲ್ ಚಿಕ್ಕಂದಿನಿಂದ ಕಲಿತದ್ದು ಇದನ್ನು. ಸಿನಿಮಾ ಸೇರುವ ಆಸೆ ಇದ್ದವರಿಗೆ ಬಂಗಾರ. ಅವಸರ ಇದ್ದವರಿಗೆ ಅಲ್ಲ.

ಇನ್ನು ನಮ್ಮ ಮನೆ ಹಿತ್ತಲ ಗಿಡ, ಕುಸ್ತಿ! ಮೈಸೂರು, ಧಾರವಾಡ, ಬೆಳಗಾವಿ, ಬಾಗಲಕೋಟೆ, ದಾವಣಗೆರೆ ಎಲ್ಲೆಲ್ಲೂ ಗರಡಿಮನೆಗಳ ಹೆಸರಿತ್ತು. ಮೈಸೂರು ದಸರಾದಲ್ಲಿ ಅರಮನೆಯ ಅಂಗಳದ ವಜ್ರಮುಷ್ಟಿ ಕಾಳಗ ಇದೆಯಲ್ಲ, ಮೊದಲ ಹನಿ ರಕ್ತ ಚಿಮ್ಮಿದ ಕೂಡಲೇ ನಿಲ್ಲಿಸ್ತಾರೆ. ಅದು ಜಟ್ಟಿಗಳ ಸಂಪ್ರದಾಯ, ಕ್ಲಾಸಿಗೆ ಸೇರಿ ಕಲಿಯೋದಲ್ಲ. ಆದರೆ ಕೆಮ್ಮಣ್ಣಿನ ಕುಸ್ತಿಯ ಬಾಗಿಲು ನಮಗೂ ತೆರೆದಿದೆ. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡಿ ಗೆದ್ದ ಮೊದಲ ಒಲಿಂಪಿಕ್ ಪದಕ ತಂದದ್ದು ಯಾರು? 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದ ಕುಸ್ತಿಪಟು ಕೆ.ಡಿ. ಜಾಧವ್. 2019ರಲ್ಲಿ ಸುದೀಪ್ ‘ಪೈಲ್ವಾನ್’ ಆದಾಗ ಶಿಳ್ಳೆ ಹೊಡೆದ ಎಷ್ಟು ಜನ ಮಾರನೇ ದಿನ ಗರಡಿಗೆ ಹೋದಿರಿ, ಕೈ ಎತ್ತಿ ನೋಡೋಣ!

ಕುಸ್ತಿಗೆ ಬೇಕಾದ್ದು ಒಂದು ಲಂಗೋಟಿ, ಬೆಳಗಿನ ಐದು ಗಂಟೆ, ಹೊಟ್ಟೆಗೆ ಸರಿಯಾದ ಊಟ. ದಂಡ, ಬಸ್ಕಿ ಹೊಡೆದು ತೊಡೆ ನಡುಗುವಾಗ ಎದುರಿಗೆ ಜೀವಂತ ಮನುಷ್ಯ ಇರ್ತಾನೆ. ದಿನಾ ಅವನ ಭಾರ ಹೊತ್ತು, ಅವನ ಹಿಡಿತದಿಂದ ಬಿಡಿಸ್ಕೊಂಡು, ಸೋತು, ಮಣ್ಣು ಕೊಡವಿ ಏಳಬೇಕು. ಸುಳ್ಳಿಗೆ ಅಲ್ಲಿ ಜಾಗ ಇಲ್ಲ.

ಹಾಗಾದರೆ ಯಾವುದು ಶ್ರೇಷ್ಠ? ಮಿತ್ರರೇ, ವಿದ್ಯೆಗಿಂತ ಮೊದಲು ಕಲಿಸುವವರನ್ನು ಆರಿಸಿ. ನಾನು ನೋಡಿ ಬಂದ ಕ್ಲಾಸುಗಳ ಲೆಕ್ಕದಲ್ಲಿ ಹೇಳ್ತೀನಿ. ಸೇರುವ ಮೊದಲು ಒಂದು ವಾರ ಬಾಗಿಲಲ್ಲಿ ನಿಂತು ನೋಡಿ. ಹಳೇ ಹುಡುಗರು ಹೊಸಬರನ್ನ ನೋಯಿಸಿದರೆ ಮಾಸ್ತರು ಬೈತಾರಾ, ನಗ್ತಾರಾ? ಆರು ತಿಂಗಳಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ ಅಂದರೆ ಅದು ಅಂಗಡಿ, ಗರಡಿಯಲ್ಲ. ಬ್ಲ್ಯಾಕ್ ಬೆಲ್ಟಿನ ಮೊದಲ ದರ್ಜೆಗೆ ಜಪಾನಿನವರು ‘ಶೋದಾನ್’ ಅಂತಾರೆ. ಮೊದಲ ಮೆಟ್ಟಿಲು ಅಂತ ಅರ್ಥ, ಕೊನೆಯದಲ್ಲ! ತಿಂಗಳ ಫೀ ಅಲ್ಲದೆ ಬೆಲ್ಟ್ ಪರೀಕ್ಷೆಗೆ, ಡ್ರೆಸ್ಸಿಗೆ, ಸರ್ಟಿಫಿಕೇಟಿಗೆ ಎಷ್ಟು ಅಂತ ಮೊದಲೇ ಬಾಯಿಬಿಡಿಸಿ. ಕೆಲಸ ಬಿಟ್ಟು ಬಂದು ತಲುಪುವಷ್ಟು ಹತ್ತಿರದಲ್ಲಿದೆಯಾ ನೋಡಿ. ಮೂರು ಬಸ್ಸು ಬದಲಾಯಿಸಿ ಹೋಗುವ ಭಾರೀ ಗುರುವಿಗಿಂತ ಪಕ್ಕದ ಬೀದಿಯ ಪ್ರಾಮಾಣಿಕ ಮಾಸ್ತರು ವಾಸಿ.

ಈಗ ನಮ್ಮ ದಾವಣಗೆರೆ ತಮ್ಮನಿಗೆ ಉತ್ತರ.

ತಮ್ಮಾ, ಆರು ತಿಂಗಳಲ್ಲಿ ನಾಲ್ವರನ್ನು ಮಲಗಿಸುವ ವಿದ್ಯೆ ಯಾವ ಗರಡಿಯಲ್ಲೂ ಇಲ್ಲ. ಆರು ವರ್ಷಕ್ಕೂ ಇಲ್ಲ. ನಾಲ್ಕು ಜನ ಸುತ್ತುವರಿದಾಗ ಬಲ್ಲವನು ಮಾಡೋದು ಒಂದೇ. ಸಂದಿ ಸಿಕ್ಕ ಕಡೆ ಓಡೋದು. ಚಾಕು ಕಂಡರಂತೂ ಸಂಬಳ ಕೊಟ್ಟು ಜೀವ ಉಳಿಸ್ಕೋ. ಮುಂದಿನ ತಿಂಗಳು ಸಂಬಳ ಮತ್ತೆ ಬರುತ್ತೆ.

ಇನ್ನೊಂದು ಮಾತು. ಹೊಡೆದು ದುಡ್ಡು ಕಿತ್ತದ್ದಕ್ಕೆ ಕಾನೂನಿನಲ್ಲಿ ‘ಸುಲಿಗೆ’ ಅಂತ ಹೆಸರು. ಈಗ ತಪ್ಪು ಅವರದು. ಆರು ತಿಂಗಳು ಬಿಟ್ಟು ನೀನು ಒಬ್ಬೊಬ್ಬನನ್ನೇ ಹುಡುಕಿ ಹೊಡೆದರೆ ಅಪರಾಧಿ ನೀನಾಗ್ತೀಯ. ಆತ್ಮರಕ್ಷಣೆ ಅನ್ನೋದು ಏಟು ಬೀಳುತ್ತಿರುವ ಹೊತ್ತಿಗೆ, ತಪ್ಪಿಸಿಕೊಳ್ಳೋಕೆ ಬೇಕಾದಷ್ಟಕ್ಕೆ ಮಾತ್ರ. ಗ್ಯಾರೇಜಿನ ಮಾಲೀಕರನ್ನೋ, ಮನೆಯ ಹಿರಿಯರನ್ನೋ ಕರ್ಕೊಂಡು ಸ್ಟೇಷನ್ನಿಗೆ ಹೋಗಿ ಬರೆದುಕೊಡು. ಮತ್ತೆ ಅಡ್ಡ ಬಂದರೆ 112ಕ್ಕೆ ಫೋನ್ ಮಾಡು.

ಹಾಗಂತ ಕಲಿಯೋದು ಬೇಡ ಅಂತಲ್ಲ. ಖಂಡಿತ ಕಲಿ! ನಿಮ್ಮೂರಲ್ಲಿ ಗರಡಿ ನಡೀತಿದ್ದರೆ ಅದಕ್ಕೇ ಹೋಗು, ಇಲ್ಲದಿದ್ದರೆ ಬಾಕ್ಸಿಂಗೋ ಜೂಡೋನೋ ನೋಡು. ಯಾಕೆ ಗೊತ್ತಾ? ಅವತ್ತು ನಿನಗೆ ಬಿದ್ದ ಏಟಿಗಿಂತ ದಿನಾ ಅವರ ನಗು ನಿನ್ನನ್ನು ಸಾಯಿಸ್ತಾ ಇದೆ. ಗರಡಿಯಲ್ಲಿ ದಿನಕ್ಕೆ ಹತ್ತು ಸಲ ಬಿದ್ದು ಹತ್ತು ಸಲ ಎದ್ದವನಿಗೆ ಬೀಳೋ ಭಯ ಹೋಗುತ್ತೆ. ಭಯ ಹೋದವನ ನಡಿಗೆ, ನೋಟ ಎಲ್ಲ ಬದಲಾಗುತ್ತೆ. ಒಂಟಿ ಹುಡುಗನನ್ನು ಹುಡುಕುವವರಿಗೆ ಅದು ದೂರದಿಂದಲೇ ಗೊತ್ತಾಗುತ್ತೆ. ಅದಕ್ಕಿಂತ ದೊಡ್ಡದು, ನೀನು ಒಂಟಿಯಾಗಿ ಉಳಿಯೋದಿಲ್ಲ. ಸಂಬಳದ ದಿನ “ನಡಿಯಪ್ಪಾ, ನಾವೂ ಆ ಕಡೆನೇ” ಅನ್ನುವ ಇಬ್ಬರಾದರೂ ಪೈಲ್ವಾನರು ಜೊತೆಗಿರ್ತಾರೆ. ಅವರನ್ನು ಜಗಳಕ್ಕೆ ಕರೀಬೇಡ. ಉಸ್ತಾದರು ನಿನ್ನನ್ನೇ ಹೊರಗೆ ಹಾಕ್ತಾರೆ. ಜೊತೆಗೆ ನಡೆದರೆ ಸಾಕು.

ಮೂರು ತಿಂಗಳು ಬಿಡದೆ ಹೋಗಿ ನನಗೊಂದು ಕಾಗದ ಹಾಕು. ಎಷ್ಟು ಜನರನ್ನ ಹೊಡೆದೆ ಅಂತ ಬರೀಬೇಡ. ಎಷ್ಟು ಬಸ್ಕಿ ಹೊಡೆದೆ ಅಂತ ಬರಿ. ಆ ಕಾಗದವನ್ನು ಇದೇ ಪುಟದಲ್ಲಿ ಎಲ್ಲರಿಗೂ ಓದಿಸ್ತೀನಿ.